ಸಾಹೇಬರಿಗಾಗಿ ತೊಳೆದ ಬಾವಿ

ನನ್ನ ಗಂಡ ನಾಗಪತಿಯಷ್ಟು ಮರ್ಯಾದಸ್ಥ ನಮ್ಮ ಮುಳ್ಳಗದ್ದೆ ಕೇರಿಯಲ್ಲೇ ಇಲ್ಲ. ಕೇರಿಗೆ ಹಿಡಿದ ಪೀಡೆಯೂ ಅದೇ. ಬಾಗಿಲಿಗೆ ಕಳ್ಳ ಬಂದು ನಿಂತರೂ "ಬನ್ನಿ, ಕೂತ್ಕಳಿ, ಆಸರಿಗೆ ಎಂತ ಬೇಕು?" ಎಂದು ಕೇಳಿ, ನೀರು ಬೆಲ್ಲ ತಂದಿಟ್ಟು, ಅವನು ಕುಡಿದು ಬಾಯಿ ಒರೆಸಿಕೊಂಡ ಮೇಲೆಯೇ ಬಂದ ಕಾರಣ ವಿಚಾರಿಸುವ ಪೈಕಿ. ಉಳಿದವರು ಇವರಿಗಿಂತ ಕಡಿಮೆ ಎಂದಲ್ಲ. ನೆಂಟರು ಬರುತ್ತಾರೆಂದರೆ ಮನೆಯಲ್ಲಿ ಹೆಣ ಇದ್ದರೂ ಒಳಕೋಣೆಗೆ ಸರಿಸಿ ಜಗಲಿ ಗುಡಿಸುವವರು ನಮ್ಮವರು.

ಸಂಗತಿ ಬಾವಿಯದು. ಕುಮಟೆಯಿಂದ ಹೊಳನಗದ್ದೆ ದಾಟಿ ಬರುವ ಬಸ್ಸನ್ನು ಇಳಿದರೆ ಎದುರಿಗೆ ಒಂದು ಗುಡ್ಡ, ಗುಡ್ಡದ ಬುಡಕ್ಕೆ ನಮ್ಮ ಕೇರಿ. ಗುಡ್ಡದ ನೆತ್ತಿಯಲ್ಲಿ ಹಿಂದೆ ಯಾರೋ ಚಿರೆಕಲ್ಲು ಕಡಿದು ಬಿಟ್ಟುಹೋದ ದೊಡ್ಡ ಹೊಂಡ. ಎರಡು ವರ್ಷಗಳಿಂದ, ಬೀಚಿನ ಕಡೆಯ ರೆಸಾರ್ಟುಗಳ ಸಂಡಾಸಿನ ಗುಂಡಿ ತುಂಬಿದಾಗೆಲ್ಲ ಒಂದು ಟ್ಯಾಂಕರು ಬಂದು ಅದೇ ಹೊಂಡಕ್ಕೆ ಸುರಿದು ಹೋಗುತ್ತದೆ. ಚಿರೆಕಲ್ಲೆಂದರೆ ಮೈತುಂಬ ತೂತಿನ ಕಲ್ಲು. ಮೇಲೆ ಹೊಯ್ದದ್ದು ಕೆಳಗೆ ಇಳಿಯಲೇಬೇಕು. ಇಳಿಯಿತು, ಇಡೀ ಕೇರಿ ನೀರು ಸೇದುವ ಒಂದೇ ಬಾವಿಗೆ. ಎಲ್ಲಿಯದೋ ಪೇಟೆಯವರು ಸಮುದ್ರ ನೋಡಲು ಬಂದು, ರಾತ್ರಿ ಸಿಗಡಿ ತಿಂದು, ಬೆಳಗ್ಗೆ ಎದ್ದು ಮಾಡಿದ್ದನ್ನು ನಾವು ಕುಡಿಯಬೇಕು ಎಂಬುದು ಯಾವ ಜನ್ಮದ ಶಾಪವೋ ದೇವರೇ ಬಲ್ಲ.

ಹೋದ ಮಳೆಗಾಲದಲ್ಲಿ ಕೇರಿಯಲ್ಲಿ ಕಾಮಾಲೆ ಎದ್ದಿತು. ಪಕ್ಕದ ಮನೆ ಬಂಗಾರಿಯ ಮೊಮ್ಮಗ ಅಕ್ಷಯನ ಕಣ್ಣು ಅರಿಶಿನ ಕಲಸಿಟ್ಟ ಹಾಗಾಯಿತು. ಅವನನ್ನು ಹೊನ್ನಾವರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುವಾಗ ನಾನೂ ಜೊತೆಗಿದ್ದೆ. ನನ್ನ ಮಗಳು ಅರ್ಚಿತಾ ಆಗ ಬಸುರಿ. ಗಂಡನ ಮನೆ ಭಟ್ಕಳದ ಆಚೆ. ಮೊದಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ಏಳು ತುಂಬಿದ ಮೇಲೆ ಕರೆತರುವುದೆಂದು ನಿಶ್ಚಯವಾಗಿತ್ತು. ಮಾತಿಗೆ ಮಾತು ಬಂದು ಡಾಕ್ಟರರಿಗೆ ಅದನ್ನು ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಅಮ್ಮಾ, ಬಸುರಿಗೆ ಈ ಕಾಮಾಲೆ ತಗುಲಿದ್ರೆ ತಾಯಿನೂ ಉಳಿಯೂದು ಕಷ್ಟ, ಮಗೂನೂ ಉಳಿಯೂದು ಕಷ್ಟ. ಆ ಬಾವಿ ಸರಿ ಆಗೂ ತನಕ ಮಗಳನ್ನ ಕರ್ಕಂಡು ಬರಬೇಡಿ" ಎಂದರು.

ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಇದ್ದವಳು ಒಬ್ಬಳೇ ಮಗಳು. ಅವಳಿಗೆಂದು ಅಟ್ಟದ ಮೇಲೆ ಹಳೇ ಸೀರೆಗಳನ್ನು ಒಗೆದು ಮಡಚಿಟ್ಟಿದ್ದೇನೆ, ಬಾಣಂತಿ ಮದ್ದಿನ ಬೇರು ನಾರು ಕೂಡಿಸಿಟ್ಟಿದ್ದೇನೆ. ಮನೆಗೆ ಕರೆಯಲು ಮಾತ್ರ ಬಾಯಿಲ್ಲ. ಯಾರದೋ ಹೇಸಿಗೆ ನನ್ನ ಬಾವಿಗೆ ಇಳಿದದ್ದಕ್ಕೆ ನನ್ನ ಮಗಳಿಗೆ ತವರಿಲ್ಲವೆ?

ಗ್ರಾಮಸಭೆಗೆ ಹೋಗಿ ಕೂಗಿದೆ. ಪಂಚಾಯ್ತಿಯವರು "ನೀರು ಕಾಯಿಸಿ ಕುಡಿರಿ" ಎಂದರು. ಕಾಯಿಸಿದರೆ ಬಿಸಿ ಹೇಸಿಗೆ ಆಗುತ್ತದೆ, ಅಷ್ಟೇ. "ಅರ್ಜಿ ಕೊಡಿ" ಎಂದರು, ಕೊಟ್ಟೆವು. "ಇದು ನಮಗೆ ಬರೂದಿಲ್ಲ, ತಾಲೂಕಿಗೆ ಕೊಡಿ" ಎಂದರು, ಅಲ್ಲಿಗೂ ಕೊಟ್ಟೆವು. ತಾಲೂಕಿನವರು ಪಂಚಾಯ್ತಿಗೆ ಬರುತ್ತದೆ ಎಂದರು. ನಮ್ಮ ವಾರ್ಡಿನ ಮೆಂಬರು ಗುರುದತ್ತ, ಎಲ್ಲರ ಮದುವೆಯಲ್ಲೂ ಮೊದಲ ಪಂಕ್ತಿ, ಎಲ್ಲರ ಹೆಣಕ್ಕೂ ಮೊದಲ ಹೆಗಲು. ಆ ಟ್ಯಾಂಕರಿನಲ್ಲಿ ಅವನ ಪಾಲಿದೆ ಎಂಬುದು ಕೇರಿಯ ನಾಯಿಗೂ ಗೊತ್ತು. ಅವನು ನನ್ನ ಎದುರು ಕೈ ಮುಗಿದು, "ಗಂಗಕ್ಕ, ನಿನ್ನ ಮಗಳಂದ್ರೆ ನನ್ನ ಮಗಳಲ್ದಾ? ನಾ ಇದ್ದೆ, ನೀ ತಲೆಬಿಸಿ ಮಾಡ್ಕಬೇಡ" ಎಂದ. ಅಂಥವನೊಬ್ಬ ಇರುವುದೇ ನನಗೆ ತಲೆಬಿಸಿ.

ಕಚೇರಿಯ ಮೆಟ್ಟಿಲು ಸವೆದವು, ನನ್ನ ಚಪ್ಪಲಿಯೂ ಸವೆಯಿತು. ಕಡೆಗೆ ನವರಾತ್ರಿ ಕಳೆದ ಮೇಲೆ ಸುದ್ದಿ ಬಂತು: ತಾಲೂಕಿನಿಂದ ಸಾಹೇಬರೇ ಪರಿಶೀಲನೆಗೆ ಬರುತ್ತಾರೆ, ಹೊಂಡ ನೋಡುತ್ತಾರೆ, ಬಾವಿ ನೀರು ಪರೀಕ್ಷೆಗೆ ಒಯ್ಯುತ್ತಾರೆ. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಬಂದು ಒಮ್ಮೆ ಮೂಸಿ ನೋಡಲಿ, ಸಾಕು, ಹೇಳುವುದೇ ಬೇಡ ಎಂದುಕೊಂಡೆ.

ಅವರು ಬರುವ ದಿನ ನಾನು ಬೆಳಗ್ಗೆಯೇ ಕುಮಟೆಗೆ ಹೋಗಿದ್ದೆ. ಕಾಮಾಲೆ ಬಂದವರ ಆಸ್ಪತ್ರೆ ಚೀಟಿಗಳ ಜೆರಾಕ್ಸ್ ಮಾಡಿಸಿ ತಂದು ಸಾಹೇಬರ ಕೈಗೆ ಕೊಡಬೇಕಿತ್ತು. ಕರೆಂಟಿಲ್ಲದೆ ತಡವಾಯಿತು. ಬಸ್ಸಿಳಿದು ಕೇರಿಯ ದಾರಿಗೆ ಬಂದವಳು ದಿಕ್ಕು ತಪ್ಪಿ ಬೇರೆ ಊರಿಗೆ ಬಂದೆನೇನೋ ಎಂದು ಗಾಬರಿಯಾದೆ. ದಾರಿಯುದ್ದಕ್ಕೂ ಗುಡಿಸಿ ನೀರು ಚಿಮುಕಿಸಿದ್ದಾರೆ. ಮನೆಮನೆಯ ಅಂಗಳದಲ್ಲಿ ರಂಗೋಲಿ. ಗಾಳಿಯಲ್ಲಿ ಫಿನೈಲಿನ ಘಾಟು. ಬಾವಿಕಟ್ಟೆಯ ಪಾಚಿಯನ್ನು ಕೆರೆದು ತೆಗೆದು ಸುಣ್ಣ ಬಳಿದಿದ್ದಾರೆ, ಮೇಲೆ ಮಾವಿನ ತೋರಣ ಬೇರೆ! ಬಂಗಾರಿ ಸೆರಗು ಕಟ್ಟಿಕೊಂಡು ಖಾಲಿ ಬಕೆಟ್ಟು ಹಿಡಿದು ನಿಂತಿದ್ದಳು.

"ಎಂತ ಮಾಡ್ದ್ರೇ ಇದು?" ಎಂದೆ.

"ಸಾಯೇಬ್ರು ಬತ್ರಲ್ದಾ ಗಂಗಕ್ಕ," ಎಂದಳು ಬಂಗಾರಿ, ಹಲ್ಲು ಬಿಟ್ಟು. "ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕ್ದ್ವು. ಗುರುದತ್ತಣ್ಣನೇ ಚೀಲಗಟ್ಟಲೆ ತಂದ್ಕೊಟ್ಟ. ಬೆಳಗ್ಗೆ ನೀ ಬಸ್ಸು ಹತ್ತಿದ್ದೇ ಪಂಪ್ ಇಟ್ಟು ಹಳೇ ನೀರೆಲ್ಲ ತೆಗ್ದಾತು. ಈಗ ನೋಡು, ಕನ್ನಡಿ ಆಗಿದೆ."

"ಮತ್ತೆ ಮೇಲಿನ ಹೊಂಡ?"

"ಅದ್ಕೂ ಜೆಸಿಬಿ ತರ್ಸಿ ಮಣ್ಣು ಮುಚ್ಚಿಸ್ದ. ಪುಣ್ಯಾತ್ಮ!"

ತನ್ನ ಮೊಮ್ಮಗನಿಗೆ ಕಾಮಾಲೆ ಬಂತು ಎಂದು ಎದೆ ಬಡಿದುಕೊಂಡು ಅತ್ತ ಹೆಂಗಸು ಇವಳೇ. ನಮ್ಮ ಮನೆ ಜಗಲಿಯಲ್ಲಿ ನನ್ನ ಗಂಡ ಮಡಿಪಂಚೆ ಉಟ್ಟು, ಕಂಬಳಿಯ ಮೇಲೆ ಬಿಳಿ ಬಟ್ಟೆ ಹಾಸುತ್ತಿದ್ದರು.

"ನಿಮ್ಗೆ ತಲೆ ಸರಿ ಇದ್ಯಾ?" ಎಂದು ಕೇಳಿದೆ. "ಅವ್ರು ಬಪ್ಪುದು ಹೇಸಿಗೆ ನೋಡೂಕೆ. ಅದನ್ನೇ ತೊಳ್ದಿಟ್ರೆ ಅವ್ರು ನೋಡೂದು ಎಂತ, ನಿಮ್ಮ ಮುಖವಾ?"

ಇವರು ಹಾಸಿದ ಬಟ್ಟೆಯ ಮಡಿಕೆ ಸರಿಮಾಡುತ್ತಲೇ ಇದ್ದರು. "ಹಾಂಗಂತ ಊರಿಗೆ ಬಂದವ್ರಿಗೆ ವಾಸನೆ ಕುಡ್ಸೂದಾ ಗಂಗಾ? ನಾಳೆ ಅವ್ರು ನಾಕು ಜನರ ಎದ್ರಿಗೆ ಮುಳ್ಳಗದ್ದೆಯವ್ರು ಗಲೀಜು ಅಂದ್ರೆ ನಮ್ಮ ಮರ್ಯಾದೆ ಎಂತ ಆಗ್ಬೇಕು?"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ನಾನು ಹಣೆ ಚಚ್ಚಿಕೊಂಡೆ.

ಸಾಹೇಬರು ಬಂದರು. ಘಟ್ಟದ ಮೇಲಿನವರು, ಗುಂಡಗೆ, ನಗುಮುಖ. ಹೊಂಡದ ಹೊಸಮಣ್ಣಿನ ಮೇಲೆ ನಿಂತು ಗಾಳಿ ಎಳೆದುಕೊಂಡು "ಆಹಾ, ಏನ್ ವ್ಯೂ ರೀ!" ಎಂದರು. ನಾನು ಜೆರಾಕ್ಸ್ ಹಿಡಿದು ಹಿಂದೆ ಹಿಂದೆ ಓಡಿ, "ಸಾಹೇಬ್ರೇ, ಇದೆಲ್ಲ ಇವತ್ತು ಬೆಳಗ್ಗೆ ಮುಚ್ಚಿದ್ದು, ಬಾವಿಗೆ ಪೌಡರ್ ಹಾಕಿದ್ದು" ಎಂದೆ. ಅವರು ನನ್ನ ಚೀಟಿಗಳನ್ನು ಡ್ರೈವರನ ಕೈಗೆ ದಾಟಿಸಿದರು. ಬಾಟಲಿಯಲ್ಲಿ ನೀರು ತುಂಬಿಸಿಕೊಂಡರು. ನಮ್ಮ ಜಗಲಿಯಲ್ಲಿ ಕೂತು, ಇವರು ನನಗೆ ಹೇಳಿ ಮುಂಚಿನ ದಿನವೇ ಮಾಡಿಸಿಟ್ಟಿದ್ದ ಅಕ್ಕಿ ಬೆಲ್ಲದ ಹಾಲ್ಬಾಯಿಯನ್ನು ಒಂದಾದ ಮೇಲೊಂದು ತಿಂದರು. "ಅಮ್ಮಾ, ನಮ್ಮ ಕಡೆ ಇದು ಸಿಗಲ್ಲ. ಇನ್ನೊಂದು ಹಾಕಿ" ಎಂದರು. ನನ್ನ ಮಗಳ ಜೀವದ ಮಾತು ಅವರ ಕಿವಿಗೆ ಹೋಗಲಿಲ್ಲ, ನನ್ನ ಹಾಲ್ಬಾಯಿ ಮಾತ್ರ ಸಲೀಸಾಗಿ ಗಂಟಲಿಗೆ ಇಳಿಯಿತು.

ವರದಿ ಬಂತು. ನೀರು ಕುಡಿಯಲು ಯೋಗ್ಯ. ಸ್ಥಳ ಸ್ವಚ್ಛ, ಗ್ರಾಮಸ್ಥರ ನೈರ್ಮಲ್ಯ ಪ್ರಜ್ಞೆ ಶ್ಲಾಘನೀಯ. ಅದನ್ನು ಓದಿ ನನ್ನ ಗಂಡ ಎದೆಯುಬ್ಬಿಸಿದರು. ನಾನು ಅವತ್ತು ಅವರಿಗೆ ಊಟ ಬಡಿಸಲಿಲ್ಲ.

ಹೊಂಡಕ್ಕೆ ಮುಚ್ಚಿದ ಮಣ್ಣು ಒಂದು ಮಳೆಗೆ ಕುಸಿಯಿತು. ಟ್ಯಾಂಕರು ಮತ್ತೆ ಬಂತು. ಮೊದಲು ಕತ್ತಲಾದ ಮೇಲೆ ಕದ್ದು ಬರುತ್ತಿದ್ದದ್ದು ಈಗ ಹಾಡುಹಗಲಲ್ಲೇ ಹಾರ್ನು ಹೊಡೆದುಕೊಂಡು ಬರತೊಡಗಿತು. ಯೋಗ್ಯವೆಂದು ಸರ್ಕಾರವೇ ಬರೆದುಕೊಟ್ಟ ಮೇಲೆ ಹೆದರಿಕೆ ಯಾರದು? ಓಡಿಸುವವನು ನಮ್ಮ ಕೇರಿಯವನೇ, ಕುಪ್ಪ. ಮೀಸೆ ಬಂದು ಮಕ್ಕಳಿಬ್ಬರಾದರೂ ಬುದ್ಧಿ ಬರದ ಪ್ರಾಣಿ. ಕೇಳಿದರೆ "ನಾ ಬರೀ ಡ್ರೈವರು ಗಂಗಕ್ಕ" ಎನ್ನುತ್ತಾನೆ. ಅವನ ಮನೆಯವರು ಕುಡಿಯುವುದೂ ಅದೇ ಬಾವಿಯ ನೀರು.

ಅರ್ಚಿತಾ ಫೋನು ಮಾಡಿ, "ಆಯೀ, ಯಾವಾಗ ಕರ್ಕಂಡು ಹೋಗೂಕೆ ಬತ್ತೆ?" ಎಂದು ಕೇಳುತ್ತಿದ್ದಳು. ಇಂದು, ನಾಳೆ, ಮುಂದಿನ ವಾರ ಎಂದು ಸುಳ್ಳು ಹೇಳಿ ಹೇಳಿ ನನ್ನ ನಾಲಿಗೆ ದಪ್ಪವಾಯಿತು.

ಆಗ ಕಾರ್ತಿಕ ಬಂತು. ಕಾರ್ತಿಕದಲ್ಲಿ ನಮ್ಮ ಕೇರಿಯ ವನಭೋಜನ. ಎಲ್ಲರೂ ಪಾತ್ರೆ ಪಡಗ ಹೊತ್ತು ಗುಡ್ಡ ಹತ್ತಿ, ನೆಲ್ಲಿಮರದ ಕೆಳಗೆ ಪೂಜೆ ಮಾಡಿ, ಅಲ್ಲೇ ಅಡಿಗೆ, ಅಲ್ಲೇ ಊಟ. ನೆಲ್ಲಿಮರ ಇರುವುದು ಆ ಹೊಂಡದ ಪಕ್ಕಕ್ಕೇ. ಈ ಸಲ ಬೇರೆ ಕಡೆ ಮಾಡುವ ಎಂದು ಎಲ್ಲರೂ ಅಂದಾಗ ನಾನು ಹಟ ಹಿಡಿದೆ. ದೇವರ ಮರ ಬಿಟ್ಟರೆ ಕೇರಿಗೆ ಒಳ್ಳೆಯದಲ್ಲ ಎಂದು ಹೆದರಿಸಿದೆ. ಆಮೇಲೆ ಕುಂಕುಮದ ಭರಣಿ, ಅಕ್ಷತೆ, ತೆಂಗಿನಕಾಯಿ ಹಿಡಿದು ತಾಲೂಕಿಗೆ ಹೋಗಿ ಸಾಹೇಬರ ಮೇಜಿನ ಎದುರು ನಿಂತೆ.

"ಸಾಹೇಬ್ರೇ, ಅರ್ಜಿ ಅಲ್ಲ, ಹೆದ್ರಬೇಡಿ. ವನಭೋಜನಕ್ಕೆ ಕರಿಯೂಕೆ ಬಂದೆ. ಹಾಲ್ಬಾಯಿ ಮಾಡ್ತೆ."

ಅರ್ಜಿಗೆ ತಿಂಗಳುಗಟ್ಟಲೆ ಎತ್ತದ ತಲೆ ಹಾಲ್ಬಾಯಿಗೆ ಕೂಡಲೇ ಎದ್ದಿತು. "ಖಂಡಿತ ಬರ್ತೀನಮ್ಮ" ಎಂದರು.

ನನ್ನ ಲೆಕ್ಕ ಇಷ್ಟೇ: ಪಂಕ್ತಿಯಲ್ಲಿ ಕೂತವನು ಎಲ್ಲರ ಊಟ ಮುಗಿಯುವವರೆಗೆ ಏಳುವ ಹಾಗಿಲ್ಲ. ಹೊಂಡದ ಗಾಳಿ ಬರುವ ದಿಕ್ಕಿಗೇ ಅವರ ಎಲೆ ಹಾಕುತ್ತೇನೆ. ಅನ್ನದಿಂದ ಪಾಯಸದವರೆಗೆ ಕೂತು ಮೂಸಲಿ. ಯಾರೂ ಏನೂ ಗುಡಿಸದ ಹಾಗೆ ಬೆಳಗಿನಿಂದ ನಾನೇ ಕತ್ತಿ ಹಿಡಿದು ಹೊಂಡದ ದಂಡೆಯಲ್ಲಿ ಕೂತೆ.

ಸಾಹೇಬರು ಬಂದರು, ಬಿಳಿ ಪ್ಯಾಂಟು ಹಾಕಿಕೊಂಡು. ಅವರ ಪಕ್ಕಕ್ಕೆ ಗುರುದತ್ತ ಅಂಟಿಕೊಂಡು ಕೂತ. ವಾಸನೆ ಬಂತು, ಬರದೆ ಇರುತ್ತದೆಯೆ? ಆದರೆ ನಮ್ಮವರು! ಒಬ್ಬರೂ ಮೂಗು ಮುಚ್ಚಲಿಲ್ಲ. ಬಂಗಾರಿ ಊದುಬತ್ತಿಯ ಕಟ್ಟನ್ನೇ ಹಚ್ಚಿ ಸಾಹೇಬರ ಎಲೆಯ ಎದುರು ನೆಟ್ಟಳು. ಇವರು "ಅದು ನೆಲ್ಲಿಮರದ ಹೂವಿನ ವಾಸ್ನೆ ಸಾಹೇಬ್ರೇ" ಎಂದರು! ಸಾಹೇಬರೂ ದೊಡ್ಡ ಮನುಷ್ಯರಲ್ಲವೆ, ಉಂಡ ಮನೆಯ ಎದುರು ಹೇಳಬಾರದೆಂದು ಮೂಗಿನ ತುದಿ ಕೆಂಪಾದರೂ "ಹೌದಾ, ನೈಸ್" ಎಂದು ಉಣ್ಣುತ್ತಾ ಹೋದರು. ನಾನು ಹುಳಿಯ ಪಾತ್ರೆ ಹಿಡಿದು ನಿಂತಲ್ಲೇ ಅಳುವಷ್ಟಾದೆ. ಮರ್ಯಾದೆಯೇ ನನ್ನ ಮಗಳನ್ನು ಕೊಲ್ಲುತ್ತದೆ ಎನಿಸಿತು.

ಅಷ್ಟರಲ್ಲಿ ಹಾರ್ನು. ಕುಪ್ಪನ ಟ್ಯಾಂಕರು ಧೂಳೆಬ್ಬಿಸಿಕೊಂಡು ಬಂದು ಮರದ ಹತ್ತಿರವೇ ನಿಂತಿತು. ಕುಪ್ಪ ಇಳಿದು, ಕೈ ತೊಳೆದು, ಪಂಕ್ತಿಯ ತುದಿಯಲ್ಲಿ ಖಾಲಿ ಇದ್ದ ಎಲೆಗೆ ಕೂತ.

"ಇವ ಎಂತಕೆ ಬಂದ?" ಎಂದು ನಾನು ಗಂಡನ ಕಿವಿಯಲ್ಲಿ ಕೇಳಿದೆ.

"ನಾನೇ ಕರ್ದಿದ್ದೆ. ಕೇರಿಯವ ಅಲ್ದಾ? ಬಿಟ್ರೆ ಬೇಜಾರು ಮಾಡ್ಕಂತ" ಎಂದರು ಇವರು.

ಕುಪ್ಪ ಅನ್ನ ಕಲಸುತ್ತ, "ಲೋಡೂ ಇತ್ತು ಭಾವ, ಹೆಂಗೂ ಬರೂದೇ, ಒಂದೇ ಟ್ರಿಪ್ಪಲ್ಲಿ ಆತು ಹೇಳಿ ತಕಂಡೇ ಬಂದೆ" ಎಂದ. ಪುಣ್ಯಕ್ಕೆ ಅದು ಸಾಹೇಬರಿಗೆ ಕೇಳಿಸಲಿಲ್ಲ. ಆದರೆ ಟ್ಯಾಂಕರು ಕಣ್ಣಿಗೆ ಬಿದ್ದಿತ್ತು. "ಏನ್ರೀ ಅದು ಟ್ಯಾಂಕರು?" ಎಂದರು.

ಕುಂಬಳಕಾಯಿ ಕಳ್ಳ ಎನ್ನುವುದರೊಳಗೆ ಗುರುದತ್ತ ಹೆಗಲು ಮುಟ್ಟಿಕೊಂಡ. "ನೀರು, ಸಾರ್! ಇಲ್ಲಿ ಮೇಲೆ ನೀರಿಲ್ಲ ಅಲ್ವಾ, ಜನ ಊಟ ಮಾಡಿ ಕೈ ತೊಳೆಯೋಕೆ ಅಂತ ನಾನೇ ತರ್ಸಿದ್ದು" ಎಂದ.

"ಗುಡ್, ಗುಡ್. ಮೆಂಬರ್ ಅಂದ್ರೆ ಹೀಗಿರ್ಬೇಕು" ಎಂದರು ಸಾಹೇಬರು.

ನನಗೆ ಒಮ್ಮೆಲೇ ಜೀವ ಬಂದಂತಾಯಿತು. ಹಾಲ್ಬಾಯಿಯ ತಟ್ಟೆ ಎತ್ತಿಕೊಂಡು ಹೋಗಿ ಸಾಹೇಬರ ಎಲೆಗೆ ನಾಲ್ಕು ಬಡಿಸಿದೆ. "ನಿಧಾನಕ್ಕೆ ತಿನ್ನಿ ಸಾಹೇಬ್ರೇ, ಜಿಡ್ಡು ಇರ್ತದೆ, ಕೈ ಲಾಯ್ಕ್ ತೊಳೀಬೇಕು" ಎಂದೆ. ಗುರುದತ್ತನಿಗೂ ಎರಡು ಬಡಿಸಿದೆ. ಅವನು ಅದನ್ನು ಎಲೆಯ ಅಂಚಿಗೆ ಸರಿಸಿದ.

ಊಟ ಮುಗಿಯಿತು. ಸಾಹೇಬರು ಎಂಜಲು ಕೈ ಎತ್ತಿ ಹಿಡಿದುಕೊಂಡು ನೆಟ್ಟಗೆ ಟ್ಯಾಂಕರಿನ ಕಡೆ ಹೊರಟರು. ಗುರುದತ್ತ ಹಿಂದೆ ಓಡಿದ.

"ಸಾರ್, ಸಾರ್, ಬಿಸ್ಲೇರಿ ಇದೆ ಕಾರಲ್ಲಿ!"

"ಪ್ಲಾಸ್ಟಿಕ್ ಬಾಟಲಿ ಯಾಕ್ರೀ? ಪರಿಸರ ಹಾಳಾಗೋದೇ ಇದ್ರಿಂದ. ಮೊದಲು ನಾವು ಬದಲಾಗ್ಬೇಕು" ಎಂದು ಸಾಹೇಬರು ನಿಂತಲ್ಲೇ ಒಂದು ಭಾಷಣ ಮಾಡಿದರು. ಇಡೀ ಕೇರಿಗೆ ಗೊತ್ತಿತ್ತು ಒಳಗೆ ಇರುವುದು ಏನೆಂದು. ದೊಡ್ಡವರನ್ನು ತಡೆಯುವುದು ಹೇಗೆಂದು ಒಬ್ಬರೂ ಬಾಯಿ ಬಿಡಲಿಲ್ಲ. ನಾನಂತೂ ಬಿಡುವವಳೇ ಅಲ್ಲ. ಕಡೆಗೆ ಕುಪ್ಪನೇ, ಬಾಯಿತುಂಬ ಅನ್ನ ಇಟ್ಟುಕೊಂಡು, "ಸಾಯೇಬ್ರೇ, ಆ ವಾಲ್ ತಿರ್ಗಿಸ್ಬೇಡಿ!" ಎಂದು ಕೂಗಿದ. ಅಷ್ಟರಲ್ಲಿ ಸಾಹೇಬರು ತಿರುಗಿಸಿ ಆಗಿತ್ತು.

ಬಿಳಿ ಪ್ಯಾಂಟಿನ ಗತಿಯನ್ನು ನಾನು ವರ್ಣಿಸುವುದಿಲ್ಲ, ನೀವು ಉಣ್ಣುವವರು. ಕೇರಿಗೆ ಕೇರಿಯೇ ಹಿಂದಕ್ಕೆ ಹಾರಿತು. ನನ್ನ ಗಂಡ ಮಾತ್ರ ಪಂಚೆ ಎತ್ತಿ ಕಟ್ಟಿ, ಟವೆಲು ಹಿಡಿದು ಓಡಿ, "ಛೇ ಛೇ, ಕೂತ್ಕಳಿ ಸಾಹೇಬ್ರೇ, ಆಸರಿಗೆ ಎಂತ ಕೊಡ್ಲಿ?" ಎಂದು ಕೇಳಿದರು.

ಸಂಜೆಯೊಳಗೆ ಪೊಲೀಸರು ಬಂದು ಟ್ಯಾಂಕರು ಎಳೆದುಕೊಂಡು ಹೋದರು. ಮರುದಿನ ಹೊಂಡಕ್ಕೆ ಬೇಲಿ, ರೆಸಾರ್ಟಿನವರಿಗೆ ನೋಟೀಸು. ಕೇರಿಯ ಮಕ್ಕಳ ಕಣ್ಣು ಹಳದಿಯಾದಾಗ ಅಲ್ಲಾಡದ ಸರ್ಕಾರ ಒಬ್ಬರ ಪ್ಯಾಂಟು ಹಳದಿಯಾದಾಗ ಎದ್ದು ಓಡಿತು. ಪೇಪರಿನಲ್ಲಿ ಗುರುದತ್ತನ ಫೋಟೋ: ಸದಸ್ಯರ ಸತತ ಹೋರಾಟಕ್ಕೆ ಜಯ. ಥೂ ಎಂದು ಆ ಪೇಪರಿನಲ್ಲಿ ಒಣಮೀನು ಕಟ್ಟಿಟ್ಟೆ.

ನೀರನ್ನು ಮತ್ತೆ ಪರೀಕ್ಷೆಗೆ ಒಯ್ದರು. ಈ ಸಲ ಬಾವಿಕಟ್ಟೆಯಲ್ಲಿ ನಾನೇ ಕಾವಲು ಕೂತಿದ್ದೆ, ಪೌಡರಿನ ಪೊಟ್ಟಣ ಹಿಡಿದು ಬಂದ ಬಂಗಾರಿಯನ್ನು ಬೈದು ಅಟ್ಟಿದೆ. ನೀರು ಕುಡಿಯಲು ಯೋಗ್ಯವಲ್ಲ ಎಂದು ಬಂತು. ನನ್ನ ಬಾವಿ ವಿಷ ಎಂದು ಕೇಳಿ ಕುಣಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಪಂಚಾಯ್ತಿಯವರು ಬಂದು ಬಾವಿಯ ಮೇಲೆ ಕೆಂಪು ಬಣ್ಣದಲ್ಲಿ ಅದನ್ನೇ ಬರೆದರು. ನೆಂಟರು ಬರುವ ದಿನ ಇವರು ಆ ಅಕ್ಷರದ ಮೇಲೆ ಚಾಪೆ ಒಣಹಾಕುತ್ತಾರೆ.

ಆದರೆ ಇಳಿದ ಹೇಸಿಗೆ ಬಾವಿಯಿಂದ ಹೋಗಲು ಒಂದೆರಡು ಮಳೆಗಾಲ ಬೇಕಂತೆ. ಅರ್ಚಿತಾಳಿಗೆ ಒಂಬತ್ತು ತುಂಬಿತ್ತು. ಕಡೆಗೆ ಮಗಳು ತವರಿಗೆ ಬರಲಿಲ್ಲ, ತವರೇ ಚೀಲ ಕಟ್ಟಿಕೊಂಡು ಮಗಳ ಮನೆಗೆ ಹೊರಟಿತು. ಬಾಣಂತನ ಮಾಡಲು ತಾಯಿ ಬೀಗರ ಮನೆಯಲ್ಲಿ ಹೋಗಿ ಕೂರುವುದೆಂದರೆ ನಾಚಿಕೆಗೇಡು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಬೀಗಿತ್ತಿ ಒಳ್ಳೆಯವರು. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಅರ್ಚಿತಾ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಾಗಿಲಿಗೆ ಬಂದಳು. ಕಣ್ಣು ನೋಡಿದೆ. ಬೆಳ್ಳಗೆ, ಹಾಲಿನ ಹಾಗಿತ್ತು. ದೇವರು ದೊಡ್ಡವನು.

"ಬನ್ನಿ, ಕೂತ್ಕಳಿ, ಆಸರಿಗೆ ಎಂತ ಕೊಡ್ಲಿ?" ಎಂದರು ಬೀಗಿತ್ತಿ.

"ನೀರು ಸಾಕು" ಎಂದೆ. ಅವರ ಬಾವಿಯ ನೀರು ತಣ್ಣಗಿತ್ತು, ಸಿಹಿಯಾಗಿತ್ತು. ಬಾವಿ ನಿಂತ ಮೇಲೆ ಪೇಟೆಯ ಕ್ಯಾನಿನ ನೀರನ್ನೇ ಕುಡಿದ ಗಂಟಲಿಗೆ ಒಂದು ಚೊಂಬು ಸಾಲಲಿಲ್ಲ. ಎರಡನೆಯ ಚೊಂಬು ಬಾಯಿಗೆ ಎತ್ತಿದ್ದೆ, ಮನೆಯ ಹಿಂದಿನ ಗುಡ್ಡದ ರಸ್ತೆಯಲ್ಲಿ ಏನೋ ಗುರುಗುಟ್ಟಿತು. ಟ್ಯಾಂಕರು. ಅದು ದಾಟಿ ಹೋದ ಮೇಲೆ ಗಾಳಿ ಈಚೆ ತಿರುಗಿತು. ಆ ವಾಸನೆ ಯಾವುದರದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ.

"ಅದು ಯಾವ್ದು?" ಎಂದು ಕೇಳಿದೆ.

"ಮೊನ್ನೆಯಿಂದ ಬತ್ತಾ ಇದೆ. ನೀರಿನ ಟ್ಯಾಂಕರಂತೆ" ಎಂದರು ಬೀಗಿತ್ತಿ. ಆಮೇಲೆ ಸಂಕೋಚದಿಂದ ಅರ್ಚಿತಾಳ ಕಡೆ ತಿರುಗಿ, ಮೆಲ್ಲಗೆ, "ಒಳ್ಗೆ ಊದುಬತ್ತಿ ಇದ್ಯಾ ನೋಡೇ, ಹಚ್ಚು. ಬೀಗ್ರು ಬಂದಿದ್ರಲ್ದಾ" ಎಂದರು.

ನಾನು ಚೊಂಬು ಕೆಳಗಿಟ್ಟು ಮಗಳ ಕೈ ಹಿಡಿದು ನಿಲ್ಲಿಸಿದೆ.

"ಊದುಬತ್ತಿ ಬೇಡ," ಎಂದೆ. "ಬೀಗಿತ್ತಿ, ನಿಮ್ಮ ತಾಲೂಕಿನ ಸಾಹೇಬ್ರಿಗೆ ಎಂತ ತಿಂಡಿ ಇಷ್ಟ, ಅದ್ನ ಮೊದ್ಲು ಹೇಳಿ."